ಗೇಟಿನ ಪಿಕ್ಚರ್

ಗಂಗರಾಜು ತೀರಿಕೊಂಡ. ಭಾನುವಾರ ಸಂಜೆ, ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟಕ್ಕೆ ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತಲ್ಲೇ ಹೋದ. ಅವನ ಹೆಗಲಿಗೆ ಹೆಗಲು ತಾಗಿಸಿಕೊಂಡು ಕೂತಿದ್ದ ದಕ್ಷಿಣಾಮೂರ್ತಿಗೆ ಅದು ಗೊತ್ತಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿಯುತ್ತಿದ್ದಾಗ ಕಂಡಕ್ಟರ್ ಬಂದು, "ಎಬ್ಬಿಸಿ ಸಾರ್ ನಿಮ್ಮ ಜೊತೆಯೋರ್ನ, ಗಾಡಿ ಡಿಪೋಗೆ ಹೋಗ್ಬೇಕು" ಅಂದ. ಎಬ್ಬಿಸಲು ಹೋದಾಗಲೇ ತಿಳಿದದ್ದು.

ಆಸ್ಪತ್ರೆಯಲ್ಲಿ ಡಾಕ್ಟರು, "ಹಾರ್ಟು. ನೋವೂ ಆಗಿರಲ್ಲ ಬಿಡಿ" ಅಂದರು. ದಕ್ಷಿಣಾಮೂರ್ತಿ, "ಯಾವ ಊರು ದಾಟುವಾಗ ಆಗಿರಬಹುದು?" ಎಂದು ಕೇಳಿದ. ಡಾಕ್ಟರು ಅವನ ಮುಖ ನೋಡಿದರು. ಅವನು ಅದನ್ನೇ ಇನ್ನೊಮ್ಮೆ ಕೇಳಿದ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು, ಮನೆಯ ಗೋಡೆ ತುಂಬ ಪುಸ್ತಕ ಇಟ್ಟುಕೊಂಡವನು. ಆದರೂ ಆ ಹೊತ್ತಿಗೆ ಅವನಿಗೆ ಬೇಕಾಗಿದ್ದು ಅದೊಂದೇ. ಯಾವ ಹುಣಸೆಮರ, ಯಾವ ಸೇತುವೆ? ತಾನು ಯಾವ ಮಾತು ಆಡುತ್ತಿದ್ದಾಗ? ಇವತ್ತಿಗೂ ಆ ರಸ್ತೆಯಲ್ಲಿ ಹೋಗುವ ಧೈರ್ಯ ಅವನಿಗೆ ಬಂದಿಲ್ಲ.

ಶಿಡ್ಲಘಟ್ಟದಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಅವನ ಹೆಸರು ಟಾಕೀಸ್ ಗಂಗರಾಜು. ಟಾಕೀಸು ಮುಚ್ಚಿ ಎಷ್ಟೋ ಕಾಲವಾಯಿತು. ಅದು ಮೊದಲು ಗೋದಾಮಾಯಿತು, ಆಮೇಲೆ ಮದುವೆ ಚೌಲ್ಟ್ರಿಯಾಯಿತು. ಗಂಗರಾಜು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಕೆಲಸಕ್ಕೆ ಸೇರಿ ಅಲ್ಲೇ ಮುದುಕನಾದ. ಹೆಸರು ಮಾತ್ರ ಟಾಕೀಸಿನದ್ದೇ ಉಳಿಯಿತು.

ಅವನ ಅಪ್ಪನದು ಜಟಕಾ ಗಾಡಿ. ಶುಕ್ರವಾರ ಹೊಸ ಪಿಕ್ಚರ್ ಬಂದಾಗ ಆ ಗಾಡಿಯ ಎರಡು ಕಡೆಗೂ ಪೋಸ್ಟರ್ ಕಟ್ಟಿ, ಮೇಲೆ ಮೈಕಿಟ್ಟು, ಊರೆಲ್ಲ ಸುತ್ತಿಸುತ್ತಿದ್ದರು. ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತ ಗಂಗರಾಜು ಗುಲಾಬಿ ಬಣ್ಣದ, ಹಳದಿ ಬಣ್ಣದ ನೋಟೀಸುಗಳನ್ನು ಗಾಳಿಗೆ ಎಸೆಯುತ್ತಿದ್ದ. ಇಡೀ ಐದನೇ ಕ್ಲಾಸು ಅವನ ಹಿಂದೆ ಓಡುತ್ತಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರ ಮಗ ದಕ್ಷಿಣಾಮೂರ್ತಿ ಓಡುವಂತಿರಲಿಲ್ಲ. ಸಿನಿಮಾ ನೋಡಿದವನ ಬುದ್ಧಿ ಕೊಳೆಯುತ್ತದೆ ಎಂದು ಅವನ ಅಪ್ಪ ನಂಬಿದ್ದರು. ಗಾಡಿ ಅವರ ಮನೆ ಮುಂದೆ ಬಂದಾಗ ಗಂಗರಾಜು ಒಂದು ನೋಟೀಸನ್ನು ಮಡಿಸಿ ಕಿಟಕಿಯೊಳಗೆ ಗುರಿಯಿಟ್ಟು ಎಸೆಯುತ್ತಿದ್ದ. ಸ್ನೇಹ ಶುರುವಾದದ್ದು ಹಾಗೆ.

ಪ್ರೊಜೆಕ್ಟರ್ ರೂಮಿನಲ್ಲಿ ಕಸ ಗುಡಿಸುವಾಗ ಸಿಗುವ ಫಿಲ್ಮಿನ ತುಂಡುಗಳನ್ನು ಗಂಗರಾಜು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ತರುತ್ತಿದ್ದ. ಸುಟ್ಟುಹೋದ ಬಲ್ಬಿನ ತಲೆ ಬಿಚ್ಚಿ, ಒಳಗಿನ ತಂತಿ ಕಿತ್ತು, ನೀರು ತುಂಬಿದರೆ ಅದೇ ಲೆನ್ಸು. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಂಡಿಯೊಳಗೆ ಬಿಡಬೇಕು. ಕತ್ತಲೆ ಕೋಣೆಯಲ್ಲಿ, ದಕ್ಷಿಣಾಮೂರ್ತಿಯ ಅಪ್ಪನ ಕಚೇರಿ ಪಂಚೆಯ ಮೇಲೆ, ತಲೆಕೆಳಗಾದ ಒಂದು ಹೆಂಗಸಿನ ಮುಖ ಬಂದು ನಿಲ್ಲುತ್ತಿತ್ತು. ಅಲುಗಾಡದ ಚಿತ್ರ. ಆದರೆ ಗಂಗರಾಜು ಅದರ ಪಕ್ಕ ನಿಂತು ಬಾಯಿ ತೆರೆದರೆ ಅದು ಅಲುಗಾಡುತ್ತಿತ್ತು. ದಕ್ಷಿಣಾಮೂರ್ತಿಯ ತಾಯಿ ಗೋದಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತವರು, "ಯಾಕೋ ಅಳ್ತಿದಾಳೆ ಪಾಪ, ಆ ಹುಡುಗಿ?" ಎಂದು ಕೇಳುತ್ತಿದ್ದರು. "ಅದೊಂದು ದೊಡ್ಡ ಕತೆ ಕಣಮ್ಮ" ಎಂದು ಗಂಗರಾಜು ಅದೊಂದು ತುಂಡಿನಿಂದ ಮುಕ್ಕಾಲು ಗಂಟೆ ಕತೆ ಎಳೆಯುತ್ತಿದ್ದ. ಸಾರು ಸೀದುಹೋಗುತ್ತಿತ್ತು.

ಹತ್ತನೇ ಕ್ಲಾಸು ಫೇಲಾಗಿ ಗಂಗರಾಜು ಟಾಕೀಸಿನ ಬಾಗಿಲಲ್ಲಿ ಟಿಕೆಟು ಹರಿಯಲು ನಿಂತ. ದಕ್ಷಿಣಾಮೂರ್ತಿ ಚಿಕ್ಕಬಳ್ಳಾಪುರದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಕಾಲೇಜು ಓದಿದ. ರಜೆಗೆ ಬಂದಾಗಲೆಲ್ಲ ಟಿಕೆಟ್ಟಿಲ್ಲದೆ ಒಳಗೆ ಹೋಗಿ ಬೆಂಚಿನಲ್ಲಿ ಕೂರುತ್ತಿದ್ದ.

ಗಂಗರಾಜುವನ್ನು ಊರಿಗೆಲ್ಲ ಪರಿಚಯ ಮಾಡಿಸಿದ್ದು ಟಿಕೆಟ್ಟಲ್ಲ, ತಡವಾಗುತ್ತಿದ್ದ ಡಬ್ಬ. ಆಗ ಒಂದು ಪಿಕ್ಚರಿನ ಪ್ರಿಂಟು ಒಂದೇ ಇರುತ್ತಿತ್ತು, ಅದು ಎರಡು ಊರಿಗೆ ಆಗಬೇಕಿತ್ತು. ಚಿಕ್ಕಬಳ್ಳಾಪುರದ ಟಾಕೀಸಿನಲ್ಲಿ ಆಟ ಮೊದಲು ಶುರು. ಅಲ್ಲಿ ಒಂದೊಂದು ರೀಲು ಮುಗಿದ ಹಾಗೂ ಬಯ್ಯಪ್ಪ ಎನ್ನುವವನು ಆ ರೀಲಿನ ಡಬ್ಬವನ್ನು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಶಿಡ್ಲಘಟ್ಟಕ್ಕೆ ತರುತ್ತಿದ್ದ. ಇಲ್ಲಿ ಆಟ ಅದರ ಹಿಂದೆ ಹಿಂದೆ ಓಡುತ್ತಿತ್ತು. ದಾರಿಯಲ್ಲಿ ಪಂಕ್ಚರಾದರೆ, ಕುರಿಮಂದೆ ಅಡ್ಡ ಬಂದರೆ, ಬಯ್ಯಪ್ಪನಿಗೆ ಟೀ ಕುಡಿಯಬೇಕೆನಿಸಿದರೆ, ಇಲ್ಲಿ ಪರದೆ ಬೆಳ್ಳಗಾಗುತ್ತಿತ್ತು. ಮೊದಲು 'ದಯವಿಟ್ಟು ಶಾಂತರಾಗಿರಿ' ಎನ್ನುವ ಸ್ಲೈಡು, ಆಮೇಲೆ ಸೋಪಿನ ಸ್ಲೈಡು, ಆಮೇಲೆ ಸೀಟಿ, ಆಮೇಲೆ ಬೆಂಚು ಬಡಿಯುವುದು. ಕುರ್ಚಿ ಮುರಿಯುವ ಹೊತ್ತಿಗೆ ಮ್ಯಾನೇಜರು ಗಂಗರಾಜುವಿನ ಬೆನ್ನಿಗೆ ಕೈಹಾಕಿ ಪರದೆಯ ಮುಂದೆ ನೂಕುತ್ತಿದ್ದರು. "ಹೋಗೋ, ಏನಾದ್ರೂ ಒದರೋ!"

ಅವನು ಒದರುತ್ತಿರಲಿಲ್ಲ. ಮುಂದಿನ ರೀಲನ್ನು ಬಾಯಲ್ಲಿ ಓಡಿಸುತ್ತಿದ್ದ. ಕುದುರೆ ಬೇಕಾದಲ್ಲಿ ಕುದುರೆ, ಮಳೆ ಬೇಕಾದಲ್ಲಿ ಮಳೆ. ಹೀರೋಯಿನ್ನಿಗೆ ಒಂದು ದನಿ, ಅತ್ತೆಗೆ ಇನ್ನೊಂದು. ತೆಲುಗು ಮನೆಮಾತಿನವರು ಕೂತ ಕಡೆ ತಿರುಗಿದರೆ ಖಳನಾಯಕ ತೆಲುಗಿನಲ್ಲಿ ಬೈಯುತ್ತಿದ್ದ. ಕೊನೆಗೆ ಡಬ್ಬ ಬಂದು ನಿಜವಾದ ರೀಲು ಓಡಿದಾಗ ನೆಲದಲ್ಲಿ ಕೂತವರು ಕೂಗುತ್ತಿದ್ದರು: "ಇದು ಬ್ಯಾಡ ಕಣ್ರೋ! ಗಂಗರಾಜುಂದೇ ಹಾಕ್ರೋ!"

ಆ ಕಾಲದ ಪಿಕ್ಚರುಗಳಲ್ಲಿ ದಕ್ಷಿಣಾಮೂರ್ತಿ ಎಂದೂ ಮರೆಯದ ಒಂದು ಪಿಕ್ಚರಿತ್ತು. ಅವರು ನೋಡುವ ಹೊತ್ತಿಗೇ ಅದು ಹಳೆಯದು, ಕಪ್ಪು ಬಿಳುಪಿನದು. ಅದರ ಹೆಸರು ಅದೇ ಕಾಲದ ಇನ್ನೂ ನಾಲ್ಕು ಪಿಕ್ಚರುಗಳ ಹೆಸರಿನ ಹಾಗೇ ಇದ್ದದ್ದರಿಂದ ಜನ ಅದನ್ನು ಗೇಟಿನ ಪಿಕ್ಚರ್ ಎಂದು ಕರೆದರು. ಗಂಡ ಇನ್ನೊಬ್ಬಳನ್ನು ತಂದು ಹೆಂಡತಿಯನ್ನು ಹೊರಗೆ ಹಾಕುತ್ತಾನೆ. ಅವಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೂರು ಅಲೆದು, ಹೊಲಿಗೆ ಕಲಿತು, ನೆಲೆ ನಿಲ್ಲುತ್ತಾಳೆ. ಆಗ ಗಂಡನಿಗೆ ಕಾಯಿಲೆ, ಹಿರಿಯರಿಂದ ಕರೆ. ಅವಳು ಬಂದು ಆ ದೊಡ್ಡ ಮನೆಯ ಕಬ್ಬಿಣದ ಗೇಟಿನ ಮೇಲೆ ಕೈಯಿಡುತ್ತಾಳೆ.

ಅವತ್ತು ಪಿಕ್ಚರಿನ ಕೊನೆಯ ದಿನ, ಮ್ಯಾಟಿನಿ ಆಟ. ದಿಬ್ಬೂರಹಳ್ಳಿಯಿಂದ ಒಂದು ಟ್ರಾಕ್ಟರ್ ತುಂಬ ಹೆಂಗಸರು ಬಂದಿದ್ದರು. ರಜೆಗೆ ಬಂದಿದ್ದ ದಕ್ಷಿಣಾಮೂರ್ತಿಯೂ ಇದ್ದ. ಗೇಟಿನ ಮೇಲೆ ಕೈಯಿಟ್ಟಲ್ಲಿಗೆ ರೀಲು ಮುಗಿಯಿತು, ಕೊನೆಯ ಡಬ್ಬ ಬಂದಿರಲಿಲ್ಲ. ಗಂಗರಾಜು ಪರದೆಯ ಮುಂದೆ ನಿಂತ. ಆಮೇಲೆ ಡಬ್ಬ ಬಂತು, ಕೊನೆಯ ದೃಶ್ಯ ಓಡಿತು. ಹೀಗೆಂದು ದಕ್ಷಿಣಾಮೂರ್ತಿಯ ನೆನಪು. ಅವಳು ಗೇಟಿನಿಂದ ಕೈ ತೆಗೆದು ಹಿಂದಿರುಗಿ ನಡೆಯುತ್ತಾಳೆ. ಎಷ್ಟೋ ದಿನದ ಮೇಲೆ ಗಂಡನೇ ಅವಳ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನೀಲಿ ಸೀರೆ ಉಟ್ಟ ಅವಳು, ದಾರಿಹೋಕನಿಗೆ ಕೊಡುವ ಹಾಗೆ ಒಂದು ಚೆಂಬು ನೀರು ಕೊಡುತ್ತಾಳೆ. ಅವನು ಕುಡಿಯುತ್ತಾನೆ. ಚೆಂಬು ಇಸಿದುಕೊಂಡು ಬಾಗಿಲು ಮುಚ್ಚುತ್ತಾಳೆ. ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು.

ಆ ಬಾಗಿಲು ಮುಚ್ಚಿದ ದೃಶ್ಯವನ್ನು ಅವನು ಬದುಕಿನುದ್ದಕ್ಕೂ ಹೊತ್ತು ತಿರುಗಿದ. ಕ್ಲಾಸಿನಲ್ಲಿ ಹೇಳಿದ. ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಹೇಳಿದ. ನಮ್ಮ ಸಿನಿಮಾ ಅಷ್ಟು ಹಿಂದೆಯೇ ಎಂಥ ಮಾತು ಆಡಿತ್ತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ.

ಗಂಗರಾಜು ಹೋದ ಭಾನುವಾರಕ್ಕೆ ಕೆಲವು ದಿನ ಮುಂಚೆ ಆ ಪಿಕ್ಚರ್ ದಕ್ಷಿಣಾಮೂರ್ತಿಯ ಫೋನಿನಲ್ಲಿ ಸಿಕ್ಕಿತು. ಯಾರೋ ಹಳೇ ಪ್ರಿಂಟಿನಿಂದ ತೆಗೆದು ಯೂಟ್ಯೂಬಿಗೆ ಹಾಕಿದ್ದರು. ಮಸುಕು, ಗೀರು, ದನಿ ಒಂದು ಕಡೆ ತುಟಿ ಒಂದು ಕಡೆ. ಅವನು ಬಾಗಿಲು ಹಾಕಿಕೊಂಡು ಪೂರ್ತಿ ನೋಡಿದ. ಗೇಟು ಬಂತು. ಅವಳು ಕೈಯಿಟ್ಟಳು. ಗೇಟು ತೆರೆದು ಒಳಗೆ ಹೋದಳು. ಮಂಚದ ಮೇಲಿದ್ದ ಗಂಡನ ಕಾಲು ಹಿಡಿದು, ಕ್ಷಮಿಸಿ ಎಂದು ಅವಳೇ ಬೇಡಿಕೊಂಡು, ಅವನ ಕೈಯಿಂದ ಕುಂಕುಮ ಇಡಿಸಿಕೊಂಡು, ಅವನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ದೇವರ ಮುಂದೆ ದೀಪ ಉರಿಯಿತು. ಶುಭಂ.

ದಕ್ಷಿಣಾಮೂರ್ತಿ ಹಿಂದಕ್ಕೆ ಎಳೆದು ಮತ್ತೆ ನೋಡಿದ. ಮತ್ತೆ ಸತ್ತಳು. ಅವನು ಗಂಗರಾಜುವಿಗೆ ಫೋನು ಮಾಡಿದ.

"ಲೇ ಗಂಗ, ಗೇಟಿನ ಪಿಕ್ಚರ್ ಸಿಕ್ತು ಕಣೋ! ಆದ್ರೆ ಯಾವನೋ ತಲೆಹರಟೆ ಕೊನೇ ಸೀನ್ ಕಟ್ ಮಾಡಿ ಬೇರೆ ಏನೋ ಅಂಟಿಸಿದಾನೆ. ಕಾಲಿಗೆ ಬಿದ್ದು ಸಾಯ್ತಾಳಪ್ಪ!"

ಆ ಕಡೆ ಮಾರುಕಟ್ಟೆಯ ಗದ್ದಲ ಕೇಳುತ್ತಿತ್ತು.

"ಕೇಳಿಸ್ತಾ?"

"ಕೇಳಿಸ್ತು. ಕಟ್ ಮಾಡಿಲ್ಲ ಕಣೋ. ಅದರ ಕೊನೆ ಅದೇ."

"ನಿನ್ ತಲೆ. ನಾನು ಕಣ್ಣಾರೆ ನೋಡಿದೀನಿ. ನೀಲಿ ಸೀರೆ ಉಟ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ."

"ಕಪ್ಪು ಬಿಳುಪು ಪಿಕ್ಚರ್‌ನಾಗೆ ನೀಲಿ ಸೀರೆ ಎಲ್ಲಿಂದ ಬಂತು ಮೇಷ್ಟ್ರೇ?"

ದಕ್ಷಿಣಾಮೂರ್ತಿಗೆ ಕಣ್ಣು ಮುಚ್ಚಿದರೆ ಇನ್ನೂ ಕಾಣುತ್ತಿತ್ತು. ಸೀರೆ ಕಾಣುತ್ತಿತ್ತು, ಚೆಂಬು ಕಾಣುತ್ತಿತ್ತು, ಚೆಂಬಿನ ಮೇಲೆ ಬಿದ್ದ ಬಿಸಿಲೂ ಕಾಣುತ್ತಿತ್ತು. ಅದನ್ನು ಯಾವ ಕ್ಯಾಮೆರಾವೂ ತೆಗೆದಿರಲಿಲ್ಲ.

ಮಾರನೆಯ ದಿನ ಗೂಡಿನ ಮಾರುಕಟ್ಟೆ ಎದುರಿನ ಟೀ ಅಂಗಡಿಯಲ್ಲಿ ಗಂಗರಾಜು ಹೇಳಿದ. ಅವತ್ತು ಕೊನೆಯ ಡಬ್ಬ ಬರಲೇ ಇಲ್ಲ. ಬಯ್ಯಪ್ಪ ಬಿದ್ದು ಕೈ ಮುರಿದುಕೊಂಡಿದ್ದ. ಫಿಲ್ಮು ರಸ್ತೆ ಪಕ್ಕದ ಕಾಲುವೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಗಂಗರಾಜು ಹೇಳಿದ್ದೇ ಕೊನೆ. ಜನ ಅದನ್ನೇ ಕೇಳಿಕೊಂಡು ಮನೆಗೆ ಹೋದರು.

"ನಿಜವಾದ ಕೊನೆ ನಿನಗೆ ಗೊತ್ತಿತ್ತಾ?"

"ವಾರ ಪೂರ್ತಿ ನೋಡಿದ್ದೆ. ದಿನಾ ಸಾಯೋಳು."

"ಮತ್ಯಾಕೋ ಬದಲಾಯಿಸ್ದೆ?"

"ಹೆಂಗಸ್ರು ಇಂಟ್ರೆವೆಲ್‌ನಿಂದಾನೂ ಅಳ್ತಾ ಕೂತಿದ್ರು. ಸೊಪ್ಪು ಕುಯ್ಯೋ ಕೆಲಸ ಬಿಟ್ಟು ಟ್ರಾಕ್ಟರ್ ಮಾಡ್ಕಂಡು ಬಂದವ್ರೆ. ಇನ್ನೂ ಅಳಿಸಿ ಕಳಿಸೋದಾ ಅನ್ನಿಸ್ತು. ಬಾಯಿಗೆ ಬಂದಂಗೆ ತಿರುಗಿಸಿಬಿಟ್ಟೆ. ನೀಲಿ ಸೀರೆ ನಮ್ಮಕ್ಕಂದು."

ಇಷ್ಟೇ ಆಗಿದ್ದರೆ ಇಬ್ಬರೂ ನಕ್ಕು ಏಳುತ್ತಿದ್ದರು. ಗಂಗರಾಜು ಇನ್ನೊಂದು ಟೀ ಹೇಳಿದ. ಆ ಮ್ಯಾಟಿನಿ ಆಟವಾದ ಕೆಲವು ದಿನಕ್ಕೆ ದಿಬ್ಬೂರಹಳ್ಳಿಯ ದೊಡ್ಡ ರೈತ ವೆಂಕಟರಾಮಪ್ಪ ಟಾಕೀಸಿಗೆ ನುಗ್ಗಿದ್ದನಂತೆ. ಅವನ ಮಗಳು ಅಮ್ಮಾಜಮ್ಮನನ್ನು ಚಿಂತಾಮಣಿ ಕಡೆಗೆ ಕೊಟ್ಟಿದ್ದರು. ಗಂಡ ಇನ್ನೊಂದು ಸಂಸಾರ ಹೂಡಿ ಹೊಡೆದು ಓಡಿಸಿದ್ದಕ್ಕೆ ಹೆಣ್ಣುಕೂಸು ಎತ್ತಿಕೊಂಡು ತವರಿಗೆ ಬಂದಿದ್ದಳು. ಹಿರಿಯರು ಸೇರಿ ಹೊಂದಿಕೊಂಡು ಹೋಗು ಎಂದು ತೀರ್ಮಾನ ಮಾಡಿ, ಕರೆದುಕೊಂಡು ಹೋಗುವ ದಿನವನ್ನೂ ಗೊತ್ತು ಮಾಡಿದ್ದರು. ಅದಕ್ಕೆ ಮುಂಚೆ ಅವಳು ಆ ಟ್ರಾಕ್ಟರ್ ಹತ್ತಿ ಪಿಕ್ಚರಿಗೆ ಬಂದಿದ್ದಳು.

ವೆಂಕಟರಾಮಪ್ಪ ಮ್ಯಾನೇಜರ ಮೇಜು ಗುದ್ದಿ ಕೇಳಿದ್ದನ್ನು ಗಂಗರಾಜು ಅವನದೇ ದನಿಯಲ್ಲಿ ಹೇಳಿದ: "ಏಮಯ್ಯಾ ಮ್ಯಾನೇಜರೂ, ಎಂಥಾ ಪಿಕ್ಚರ್ ಆಡಿಸ್ತೀರಾ ನೀವು? ನನ್ನ ಮಗಳು ಗಂಡನ ಮನೆಗೆ ಹೋಗಲ್ಲ ಅಂತ ಕೂತವ್ಳೆ. ಪಿಕ್ಚರ್‌ನಾಗೆ ಆಯಮ್ಮ ಹೋಗ್ಲಿಲ್ಲ, ನಾನ್ಯಾಕೆ ಹೋಗ್ಲಿ ಅಂತಾಳೆ!"

"ಯಜಮಾನ್ರೇ, ನಮ್ಮ ಪಿಕ್ಚರ್‌ನಾಗೆ ಆಯಮ್ಮ ಹೋಗ್ತಾಳೆ. ಹೋಗಿ, ಕಾಲಿಗೆ ಬಿದ್ದು, ಮುತ್ತೈದೆಯಾಗಿ ಸಾಯ್ತಾಳೆ. ಸಂಸಾರಸ್ಥರಿಗೆ ಇಂಥಾ ಪಿಕ್ಚರ್ ಇನ್ನೊಂದಿಲ್ಲ."

"ಸುಳ್ಳು ಬೊಗಳ್ಬೇಡ! ಇಡೀ ಟ್ರಾಕ್ಟರ್ ಹೆಂಗಸ್ರು ಸಾಕ್ಷಿ ಅವ್ರೆ!"

ಪ್ರಿಂಟು ಆಗಲೇ ಬೆಂಗಳೂರಿಗೆ ವಾಪಸಾಗಿತ್ತು, ತೋರಿಸಲು ಏನೂ ಇರಲಿಲ್ಲ. ಗಂಗರಾಜು ಟಿಕೆಟ್ ಕೌಂಟರಿನ ಕೆಳಗೆ ಬಗ್ಗಿ ಕೂತಿದ್ದ. ಇದನ್ನು ಹೇಳುವಾಗ ಅವನಿಗೆ ಟೀ ನೆತ್ತಿಗೇರುವಷ್ಟು ನಗು. ಆಮೇಲೆ ನಗಲಿಲ್ಲ.

ಅಮ್ಮಾಜಮ್ಮ ಹೋಗಲೇ ಇಲ್ಲ. ಅಪ್ಪನ ಹೊಲದ ಒಂದು ಮೂಲೆಯಲ್ಲಿ ಹಿಪ್ಪುನೇರಳೆ ಹಾಕಿ, ಹುಳ ಸಾಕಿ, ಮಗಳನ್ನು ಓದಿಸಿದಳು. ಮಗಳ ಮಗಳು ಮೌನಿಕಾ ದಕ್ಷಿಣಾಮೂರ್ತಿಯ ಹತ್ತಿರವೇ ಹೈಸ್ಕೂಲು ಓದಿದಳು, ಈಗ ಚಿಂತಾಮಣಿಯಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ. ಅಮ್ಮಾಜಮ್ಮ ತಂದ ಗೂಡನ್ನು ಗಂಗರಾಜು ವರ್ಷಗಟ್ಟಲೆ ತೂಗಿದ. ಪಿಕ್ಚರಿನ ವಿಷಯ ಒಂದು ದಿನವೂ ಬಾಯಿ ಬಿಡಲಿಲ್ಲ.

"ಈಗ ಬಿಟ್ಟೆಯಲ್ಲ, ಬಿಡು" ಅಂದ ದಕ್ಷಿಣಾಮೂರ್ತಿ. ಆಗ ಗಂಗರಾಜು ಕೇಳಿದ, "ನೀನು ಆ ಪಿಕ್ಚರ್‌ನ ಯಾರಿಗೂ ಕಳಿಸಿಲ್ಲ ತಾನೆ?"

ಕಳಿಸಿದ್ದ. ಸಿಕ್ಕ ಖುಷಿಗೆ, ಪೂರ್ತಿ ನೋಡುವ ಮೊದಲೇ, ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದ. ಮೌನಿಕಾಳ ಉತ್ತರವೂ ಬಂದಿತ್ತು: ಸಾರ್, ಇದು ನಮ್ಮಜ್ಜಿ ಯಾವಾಗಲೂ ಹೇಳೋ ಪಿಕ್ಚರ್. ಇನ್ನೂ ನೋಡಿಲ್ಲ, ಅಜ್ಜಿ ಜೊತೆಗೇ ನೋಡ್ತೀನಿ. ಭಾನುವಾರ ಮಧ್ಯಾಹ್ನ ದೊಡ್ಡ ಟೀವೀಲಿ ಹಾಕ್ತೀನಿ. ನೀವೂ ಗಂಗರಾಜು ತಾತನೂ ಊಟಕ್ಕೆ ಬರಲೇಬೇಕು.

ಗಂಗರಾಜು ಫೋನನ್ನು ದೂರ ಹಿಡಿದು ಓದಿದ. "ಬ್ಯಾಡ ಅನ್ನು."

"ಏನಂತ ಹೇಳಿ ಬೇಡ ಅನ್ಲಿ?"

"ನೆಟ್ ಇಲ್ಲ ಅನ್ನು."

"ಅವರ ಮನೇಲಿ ನೆಟ್ ಇಲ್ಲ ಅಂತ ನಾನು ಹೇಳೋಕಾಗುತ್ತೇನೋ?" ದಕ್ಷಿಣಾಮೂರ್ತಿ ಸಮಾಧಾನ ಮಾಡಲು ನೋಡಿದ. "ಒಂದು ಸಿನಿಮಾ ಕಣೋ. ಅರವತ್ತು ದಾಟಿದೋಳು, ಗಟ್ಟಿಗಿತ್ತಿ. ಏನಾಗುತ್ತೆ ಆಕೆಗೆ?"

"ನಿನಗೇನಾಯ್ತು? ಬರೀ ನೋಡಿದೋನು ನೀನು, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತೀಯ. ಆಯಮ್ಮ ಅದನ್ನ ನಂಬ್ಕಂಡೇ ಎದ್ದು ನಿಂತವ್ಳೆ."

ಭಾನುವಾರದವರೆಗೂ ಅವನು ದಿನಾ ಫೋನು ಮಾಡಿದ. ಒಂದು ದಿನ ಮೌನಿಕಾಗೆ ಮೊದಲೇ ಹೇಳಿಬಿಡು ಅಂದ. ಇನ್ನೊಂದು ದಿನ ಹೇಳಬೇಡ ಅಂದ. ಶನಿವಾರ, "ನಾನೇ ಬರ್ತೀನಿ. ಪಕ್ಕದಾಗೆ ಕೂತಿರ್ತೀನಿ, ಬೈಯೋದಿದ್ರೆ ಬೈಲಿ" ಅಂದ.

ಇಬ್ಬರೂ ಬೆಳಗಿನ ಬಸ್ಸಿಗೆ ಹೋದರು. ಅಮ್ಮಾಜಮ್ಮ ಬಾಗಿಲಲ್ಲೇ, "ಏಮ್ರಾ ಗಂಗರಾಜು, ಸಣ್ಣಗಾಗೋಗಿದ್ದೀಯ! ಮೇಷ್ಟ್ರು ನಿನ್ನ ಪಾಲಿಂದೂ ತಿಂತಾರಾ?" ಎಂದು ನಕ್ಕಳು. ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಗಂಗರಾಜು ಅರ್ಧ ಮುದ್ದೆ ಬಿಟ್ಟ. ಅದೇ ಟ್ರಾಕ್ಟರಿನಲ್ಲಿ ಅವತ್ತು ಬಂದಿದ್ದ ಇಬ್ಬರು ಅಕ್ಕಪಕ್ಕದ ಮುದುಕಿಯರೂ ಎಲೆ ಅಡಿಕೆ ಚೀಲ ತಗೊಂಡು ಬಂದು ಟೀವಿಯ ಮುಂದೆ ಚಾಪೆ ಮೇಲೆ ಕೂತರು.

ಮೊದಲು ಒಳ್ಳೆಯ ಗದ್ದಲ. "ಅಗೋ ಬಂದ್ಲು ಆಯಮ್ಮ! ಎಷ್ಟು ಎಳೇದವ್ಳೆ ನೋಡೇ!" "ನಾವೂ ಹಂಗೇ ಇದ್ವಲ್ಲೇ." "ನೀನು ಯಾವತ್ತಿದ್ದೆ?" ನಡುವೆ ಮೊಬೈಲ್ ಸಾಲದ ಜಾಹೀರಾತು ಬಂದಾಗ ಒಬ್ಬ ಮುದುಕಿ, "ಇದು ಅವತ್ತಿರಲಿಲ್ಲ" ಎಂದು ಖಂಡಿತವಾಗಿ ಹೇಳಿದಳು. ಗಂಡ ಕತ್ತು ಹಿಡಿದು ನೂಕಿದಾಗ ಮೂವರೂ ಅವನಿಗೆ ಶಾಪ ಹಾಕಿದರು. ಅಮ್ಮಾಜಮ್ಮ ಒಂದೊಂದು ದೃಶ್ಯವನ್ನೂ ಮುಂಚೆಯೇ ಮೊಮ್ಮಗಳಿಗೆ ಹೇಳುತ್ತಿದ್ದಳು. "ಈಗ ಮಿಷನ್ ಕೊಡಿಸ್ತಾನೆ ನೋಡು ಆ ಸಾಹುಕಾರ. ಈಗ ಕೂಸಿಗೆ ಜ್ವರ." ಎಲ್ಲವೂ ಸರಿಯಾಗಿ ಬರುತ್ತಿತ್ತು.

ಗೇಟು ಬಂತು. ಗಂಗರಾಜು ಎರಡೂ ಕೈಯನ್ನು ಮೊಣಕಾಲ ಮೇಲೆ ಊರಿ ಏಳುವವನ ಹಾಗೆ ಮುಂದೆ ಬಾಗಿದ್ದನ್ನು ದಕ್ಷಿಣಾಮೂರ್ತಿ ನೋಡಿದ. ಆದರೆ ಏಳಲಿಲ್ಲ.

"ಈಗ ಕೈ ತೆಗೀತಾಳೆ ನೋಡು" ಅಂದಳು ಅಮ್ಮಾಜಮ್ಮ.

ತೆಗೆಯಲಿಲ್ಲ. ಒಳಗೆ ಹೋದಳು. ಕಾಲು ಹಿಡಿದಳು. ಕುಂಕುಮ, ತೊಡೆ, ದೀಪ. ಶುಭಂ.

ಒಬ್ಬ ಮುದುಕಿ, "ಇದ್ಯಾವುದೇ?" ಅಂದಳು. ಇನ್ನೊಬ್ಬಳು, "ಯಾರೋ ಕೆಡಿಸವ್ರೆ. ಫೋನ್ನಾಗೆ ಬರೋದೆಲ್ಲ ಸುಳ್ಳಂತೆ, ನನ್ನ ಮೊಮ್ಮಗ ಹೇಳ್ತಿದ್ದ" ಅಂದಳು. ಮೌನಿಕಾ ದಕ್ಷಿಣಾಮೂರ್ತಿಯ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

ಅಮ್ಮಾಜಮ್ಮ ಗಂಗರಾಜುವಿನ ಕಡೆ ತಿರುಗಿದ್ದಳು. "ನೀನು ಹೇಳಿದ್ದು ಇದಲ್ವಲ್ಲ."

"ಅಲ್ಲಮ್ಮ."

"ಹಂಗಾದ್ರೆ ಅದು?"

"ನಾನೇ ಕಟ್ಟಿದ್ದು."

ಅಳುತ್ತಾಳೆ ಅಥವಾ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಾಳೆ ಎಂದುಕೊಂಡ ದಕ್ಷಿಣಾಮೂರ್ತಿ. ಅವಳು ತೀರ ಸಣ್ಣ ದನಿಯಲ್ಲಿ ಮಾತಾಡಿದಳು.

"ನಮ್ಮಪ್ಪ ಹಗ್ಗ ತಗೊಂಡು ಬಂದ, ಕಟ್ಟಿ ಗಾಡಿ ಮೇಲೆ ಹಾಕ್ತೀನಿ ಅಂತ. ಊರೆಲ್ಲ ನಿಂತು ನೋಡ್ತು. ಆಗ ನಾನು ಏನ್ ಅನ್ಕಂಡೆ ಗೊತ್ತೇನಪ್ಪಾ? ಇದು ಆಗದೇ ಇರೋ ಕೆಲಸ ಅಲ್ಲ, ಒಬ್ಬಳು ಮಾಡವ್ಳೆ, ಎಲ್ಲೋ ಒಂದು ಕಡೆ ಮಾಡ್ಕಂಡು ಚೆನ್ನಾಗವ್ಳೆ, ಅಂತ. ಆಮೇಲೂ ಅಷ್ಟೇ. ಹುಳ ಎಲ್ಲ ಸತ್ತೋದಾಗ, ಮಗಳ ಮದ್ವೇನಾಗೆ ಅಪ್ಪ ಎಲ್ಲಿ ಅಂತ ಜನ ಕೇಳ್ದಾಗ. ನನ್ನ ಜೊತೆಗೆ ಇನ್ನೊಬ್ಬಳು ಅವ್ಳೆ ಅಂತ." ಅವಳು ಟೀವಿಯ ಕಡೆ ಕೈ ತೋರಿಸಿದಳು. "ಯಾರೂ ಇರಲಿಲ್ಲ. ನಾನೊಬ್ಬಳೇ ಇದ್ದಿದ್ದು."

ಗಂಗರಾಜು ಬಾಯಿ ತೆರೆದ. ಕುದುರೆ, ಮಳೆ, ಅತ್ತೆ, ಖಳನಾಯಕ, ಎಲ್ಲದಕ್ಕೂ ಮಾತಿದ್ದ ಆ ಬಾಯಲ್ಲಿ ಏನೂ ಬರಲಿಲ್ಲ. ತನ್ನ ಸ್ನೇಹಿತನಿಗೆ ಮಾತು ಸಿಗದೇ ಹೋದದ್ದನ್ನು ದಕ್ಷಿಣಾಮೂರ್ತಿ ನೋಡಿದ್ದು ಅದೊಂದೇ ಸಲ.

"ಹುಳ ಹಸ್ಕಂಡಿರ್ತಾವೆ" ಎಂದು ಅಮ್ಮಾಜಮ್ಮ ಎದ್ದು ಹಿತ್ತಲಿನ ಹುಳದ ಮನೆಗೆ ಹೋದಳು. ಗಂಗರಾಜು ಹಿಂದೆಯೇ ಹೋದ. ಮೌನಿಕಾ ತಡೆಯಲು ಹೊರಟಾಗ ದಕ್ಷಿಣಾಮೂರ್ತಿ ಬೇಡ ಎಂದು ಕೈಸನ್ನೆ ಮಾಡಿ, ತಾನು ಬಾಗಿಲವರೆಗೆ ಹೋಗಿ ನಿಂತ.

ಒಳಗೆ ಅಟ್ಟಣೆಗಳ ಮೇಲೆ ಹುಳಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ. ಅಮ್ಮಾಜಮ್ಮ ಒಂದು ಕಡೆಯಿಂದ ಸೊಪ್ಪು ಹರಡುತ್ತ ಬಂದಳು. ಗಂಗರಾಜು ಕೇಳದೆಯೇ ಇನ್ನೊಂದು ಕಡೆಯಿಂದ ಶುರು ಮಾಡಿದ.

"ಗೊತ್ತಿದ್ದಿದ್ರೆ ನಾನೂ ಗಂಡನ ಮನೆಗೆ ಹೊರಟೋಗ್ತಿದ್ನೇನೋ" ಅಂದಳು ಅವಳು. "ಬೇರೆ ದಿನ ಪಿಕ್ಚರ್‌ಗೆ ಬಂದಿದ್ದಿದ್ರೆ."

ಅವನು ಸೊಪ್ಪು ಹರಡುತ್ತಲೇ ಇದ್ದ.

"ಅಷ್ಟು ದಪ್ಪ ಹಾಕ್ಬೇಡ, ಬಿಸಿ ಆಗ್ತದೆ. ತೆಳ್ಳಗೆ ಹಾಕು." ಮುಂದಿನ ಅಟ್ಟಣೆಗೆ ಸರಿದು ಅವಳೇ ಅಂದಳು, "ಪಾಪ ಕಣಪ್ಪ ಆಯಮ್ಮ. ಗೇಟಿನ ಹತ್ರ ನಿಂತಾಗ ಅವಳಿಗೆ ಹೇಳೋರು ಯಾರೂ ಇರಲಿಲ್ಲ."

ಹೊರಡುವಾಗ ಅವಳು ಬೈಯಲೂ ಇಲ್ಲ, ನಗಲೂ ಇಲ್ಲ. ಬಸ್ ಸ್ಟಾಪಿನವರೆಗೂ ಬಂದು ನಿಂತಳು. "ಮುಂದಿನ ಬೆಳೆ ಗೂಡು ತರ್ತೀನಿ, ಇರ್ತೀಯಲ್ಲ?" ಅಂದಳು. "ಇರ್ತೀನಮ್ಮ" ಅಂದ ಗಂಗರಾಜು.

ಬಸ್ಸು ಹೊರಟ ಮೇಲೆ ದಕ್ಷಿಣಾಮೂರ್ತಿ ಫೋನು ತೆಗೆದು, ಆ ಪಿಕ್ಚರಿನ ಕೆಳಗೆ ಯಾರು ಯಾರೋ ಬರೆದಿದ್ದ ಮಾತುಗಳನ್ನು ಓದಿ ಹೇಳಿದ. ನಮ್ಮಮ್ಮನಿಗೆ ಇಷ್ಟವಾದ ಚಿತ್ರ, ಹಾಕಿದವರಿಗೆ ಧನ್ಯವಾದ. ಹಳೇದೇ ಚಿನ್ನ. ಕೊನೆಯ ದೃಶ್ಯಕ್ಕೆ ಕಣ್ಣೀರು ಬಂತು, ಇಂಥ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ?

"ಇನ್ನೊಂದು ಸಲ ಓದು" ಅಂದ ಗಂಗರಾಜು.

ದಕ್ಷಿಣಾಮೂರ್ತಿ ಓದಿದ.

"ಅದರ ಕೆಳಗೆ ನಾವು ಬರೀಬೋದಾ?"

"ಬರೀಬೋದು. ಯಾರು ಬೇಕಾದ್ರೂ ಬರೀಬೋದು. ಏನಂತ?"

ಗಂಗರಾಜು ಒಂದೊಂದೇ ಮಾತು ಬಿಡಿಸಿ ಹೇಳಿದ. "ಆಯಮ್ಮ ಒಳಗೆ ಹೋಗಲಿಲ್ಲ. ನಮ್ಮ ಕಡೆ ಅವ್ಳೆ. ದಿಬ್ಬೂರಹಳ್ಳೀನಾಗೆ."

"ಹಿಂಗೇ ಬರೀಲಾ? ಯಾರಿಗೂ ಅರ್ಥ ಆಗಲ್ಲ ಕಣೋ."

"ಬರಿ ನೀನು."

ದಕ್ಷಿಣಾಮೂರ್ತಿ ಕನ್ನಡಕ ಸರಿಮಾಡಿಕೊಂಡು, ಬಸ್ಸಿನ ಕುಲುಕಾಟದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಬರೆದದ್ದನ್ನು ಗಟ್ಟಿಯಾಗಿ ಓದಿದ. ಕೆಳಗೆ ಯಾರ ಹೆಸರು ಹಾಕಲಿ ಎಂದು ಕೇಳಿದ.

"ಹೆಸರು ಬ್ಯಾಡ" ಅಂದ ಗಂಗರಾಜು. "ರೇಷ್ಮೆ ಸಾಕ್ತಾಳೆ ಅಂತ ಸೇರಿಸು" ಎಂದು ಕಿಟಕಿಯ ಕಂಬಿಗೆ ತಲೆ ಒರಗಿಸಿದ.